ಕೆಳಗಿನಮನಿಯವರು ಮೇಲೆ, ಮ್ಯಾಗಿನಮನಿಯವರು ಕೆಳಗೆ

ಗಜೇಂದ್ರಗಡ
೨೦ ಜನವರಿ ೨೦೨೫

ಪ್ರೀತಿಯ ಜಬೀನ,

ನನ್ನ ನಮಸ್ಕಾರವನ್ನೂ ಸಲಾಮನ್ನೂ ಒಟ್ಟಿಗೇ ತೆಗೆದುಕೋ. ನಿನ್ನ ಯಜಮಾನರ ಕೆಮ್ಮು ಕಡಿಮೆಯಾಯಿತೆಂದು ಓದಿ ಸಮಾಧಾನವಾಯಿತು. ಉತ್ತರ ತಡವಾದದ್ದಕ್ಕೆ ನೀನು ಮುಖ ಉಬ್ಬಿಸಿಕೊಂಡು ಕೂತಿರುತ್ತೀ ಎಂಬುದು ಇಲ್ಲಿಂದಲೇ ಕಾಣುತ್ತದೆ. ಆದರೆ ಅರ್ಧ ತಪ್ಪು ಪೋಸ್ಟಮನ್ನನದು. ನೀನು ಲಕೋಟೆಯ ಮೇಲೆ ದುಂಡಗೆ ‘ಮ್ಯಾಗಿನಮನಿ’ ಎಂದು ಬರೆದಿದ್ದೆ. ಅವನು ಹೊಸಬ, ಜಕ್ಕಲಿಯ ಕಡೆಯವನಂತೆ. ನಾಲ್ಕನೆಯ ಮಹಡಿ ಹತ್ತಿ, ನಿನ್ನ ಕಾಗದವನ್ನು ನಿನ್ನ ತವರಿನ ಬಾಗಿಲಲ್ಲೇ ಹಾಕಿ ಹೋಗಿದ್ದಾನೆ. ನಿನ್ನ ಅತ್ತಿಗೆ ಹಸನಬಿ ಅದನ್ನು ಫ್ರಿಜ್ಜಿನ ಮೇಲಿಟ್ಟು ಮರೆತಿದ್ದಾಳೆ.

ಕಾಗದ ನನ್ನ ಕೈ ಸೇರಿದ ಮರುದಿನ ಅವನು ಸಿಕ್ಕಾಗ ಹಿಡಿದು ಕೇಳಿದೆ. “ಅಲ್ಲಪಾ, ಬಾಗಲ ಮ್ಯಾಲಿನ ಹೆಸರರೆ ಓದಬಾರದ?”

“ಓದೀನ್ರಿ ಅಮ್ಮಾರ. ಮ್ಯಾಗಿನಮನಿ ಅಂತ ಬರದಿತ್ತು, ಮ್ಯಾಗ ಹೋದೆ. ನೀವ್ಯಾಕ್ರಿ ಕೆಳಗ ಅದೀರಿ?” ಎಂದ.

ನಗುತ್ತ ಒಳಗೆ ಬಂದೆ.

ಇನ್ನರ್ಧ ತಪ್ಪು ನನ್ನದೇ. ನೀನು ಬರೆದ ಮಾತಿಗೆ ಏನು ಹೇಳಬೇಕೆಂದು ತಿಳಿಯದೆ ಪೆನ್ನು ಹಿಡಿದು ಹಿಡಿದು ಇಟ್ಟೆ. “ಅಣ್ಣ ಇಷ್ಟು ಪ್ರೀತಿಯಿಂದ ಮನೆ ಅದಲುಬದಲು ಮಾಡಿಕೊಳ್ಳೋಣ ಅಂದರೆ ನೀನೊಬ್ಬಳೇ ಒಲ್ಲೆ ಅನ್ನುತ್ತೀಯಂತೆ, ಅವನ ಮೊಣಕಾಲು ನಿನ್ನ ಕಣ್ಣಿಗೆ ಕಾಣುವುದಿಲ್ಲವೇ” ಎಂದು ಕೇಳಿದ್ದೀ. ಕಾಣುತ್ತದೆ ಜಬೀನ. ಅದನ್ನೇ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಎರಡೂ ಕಿವಿ ಮುಷ್ಕರ ಹೂಡಿವೆ. ನಿನ್ನ ಮೊಮ್ಮಗಳು ಆಸಿಫಾ ನಡುವೆ ನಿಂತು ನಾನು ಹೇಳಿದ್ದನ್ನೆಲ್ಲ ನಿನಗೆ ಕೂಗಿ ಹೇಳುತ್ತಾಳೆ. ನನ್ನ ಸಂಸಾರದ ಮಾತು ನರಗುಂದದ ಗುಡ್ಡಕ್ಕೆ ಬಡಿದು ವಾಪಸು ಬರುವುದು ಬೇಡ.

ಮೊದಲು ಮನೆಯ ಸುದ್ದಿ. ನೀನು ಗೃಹಪ್ರವೇಶಕ್ಕೆ ಬಂದು ಹೋಳಿಗೆ ಉಂಡು ಹೋದವಳು, ಆಮೇಲೆ ಈ ಕಡೆ ತಲೆ ಹಾಕಿಲ್ಲ. ಚೀಟಿ ಎತ್ತಿದ ದಿನವೂ ಇರಲಿಲ್ಲ. ಎಂಥ ತಮಾಷೆ ತಪ್ಪಿಸಿಕೊಂಡೆ ಗೊತ್ತೇ! ಹಳೆಯ ಓಣಿಯಲ್ಲಿ ಗುಡ್ಡದ ಇಳಿಜಾರಿಗೆ ನಮ್ಮ ಮನೆ ಮೇಲೆ ಇತ್ತು, ನಿಮ್ಮದು ಕೆಳಗೆ. ಅದಕ್ಕೇ ನಮಗೆ ಮ್ಯಾಗಿನಮನಿ ಎಂಬ ಅಡ್ಡಹೆಸರು, ನಿಮಗೆ ಕೆಳಗಿನಮನಿ. ಎರಡೂ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದ ಮೇಲೆ ಯಾರಿಗೆ ಯಾವ ಮನೆ ಎಂದು ಬಿಲ್ಡರ್ ಚೀಟಿ ಹಾಕಿಸಿದ. ನಮಗೆ ಬಂದದ್ದು ಅಂಗಡಿಗಳ ನೆತ್ತಿಯ ಮೇಲಿನ ಮೊದಲ ಮಹಡಿ. ನಿನ್ನ ಅಣ್ಣ ಮದರಸಾಬನಿಗೆ ಬಂದದ್ದು ಎಲ್ಲಕ್ಕಿಂತ ಮೇಲಿನದು. ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಯಜಮಾನರು ಮಾತ್ರ ನಗಲಿಲ್ಲ. “ಅಜ್ಜನ ಕಾಲದಿಂದ ಮ್ಯಾಲ ಇದ್ದವ್ರು ನಾವು” ಎಂದು ಅಂದಿನಿಂದ ಒಂದು ವಾರ ಗೊಣಗಿದರು.

ಅದಕ್ಕೆ ನಿನ್ನ ಅಣ್ಣ ಸುಮ್ಮನಿರುತ್ತಾನೆಯೇ? “ಅಜ್ಜಪ್ಪಣ್ಣ, ಇಷ್ಟ ದಿನಾ ನಿಮ್ಮ ಮಾಳಿಗಿ ನೀರು ನಮ್ಮ ಅಂಗಳಕ್ಕ ಬರ್ತಿತ್ತು. ಈಗ ನಮ್ಮ ಬಚ್ಚಲ ನೀರು ನಿಮ್ಮ ಗ್ವಾಡಿಯೊಳಗ ಹಾದು ಹೋಗ್ತೈತಿ. ಲೆಕ್ಕ ಚುಕ್ತಾ ಆತು ನೋಡ್ರಿ!” ಎಂದ. ಖರೇನೇ. ಅವನು ಬೆಳಿಗ್ಗೆ ಎಷ್ಟು ಬೇಗ ಸ್ನಾನ ಮಾಡುತ್ತಾನೆಂದು ನಮ್ಮ ಅಡುಗೆಮನೆಯ ಗೋಡೆಯೇ ನನಗೆ ಹೇಳುತ್ತದೆ.

ಇಲ್ಲಿಯ ಬದುಕು ಮೊದಮೊದಲು ಯಾರದೋ ಮನೆಗೆ ಬೀಗತನಕ್ಕೆ ಬಂದ ಹಾಗಿತ್ತು, ಈಗ ರೂಢಿಯಾಗಿದೆ. ಕೂಡಲು ಕಟ್ಟೆಯೊಂದಿಲ್ಲ ನೋಡು. ಅದಕ್ಕೆ ಹೆಂಗಸರೆಲ್ಲ ಮೆಟ್ಟಿಲ ಮೇಲೇ ಕೂಡುತ್ತೇವೆ. ಎರಡನೆಯ ಮಹಡಿಯ ನಿರ್ಮಲಾ ಟೀಚರು ನಮ್ಮ ಸೊಸೈಟಿಯ ಸೆಕ್ರೆಟರಿ. ಅವರು ಮೆಟ್ಟಿಲ ಮೇಲೆ ಕೂಡಬಾರದು, ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಬಾರದು ಎಂದು ಗೋಡೆಗೆ ಚೀಟಿ ಅಂಟಿಸಿದ್ದರು. ಮೊನ್ನೆ ಅವರ ತಾಯಿ ಸವಡಿಯಿಂದ ಒಂದು ಚೀಲ ಮೆಣಸಿನಕಾಯಿ ತಂದಿಳಿಸಿದರು. ಸಂಜೆಯೊಳಗೆ ಚೀಟಿ ಮಾಯ.

ನಮ್ಮ ಬಾಲ್ಕನಿಯ ಕೆಳಗೇ ನಮ್ಮ ದ್ಯಾಮೇಶನ ಪಾತ್ರೆ ಭಾಂಡೆಗಳ ಅಂಗಡಿ. ನಾನು ಹಗ್ಗಕ್ಕೆ ಬುಟ್ಟಿ ಕಟ್ಟಿ ಮಗನಿಗೆ ಚಹಾದ ಥರ್ಮಾಸು ಇಳಿಸುತ್ತೇನೆ. ಅವನು ಅದರಲ್ಲೇ ಕೊತ್ತಂಬರಿ ಹಾಕಿ ಕಳಿಸುತ್ತಾನೆ. ಪಕ್ಕದ ಹೋಟೆಲಿನವನು ಮಿರ್ಚಿ ಭಜಿಗೆ ಎಣ್ಣೆ ಇಟ್ಟರೆ ನಮ್ಮ ದೇವರ ಕೋಣೆಯವರೆಗೂ ವಾಸನೆ. ಸಂತೆಯ ದಿನವಂತೂ ಗದ್ದಲ ಕೇಳಬೇಡ, ಉಳ್ಳಾಗಡ್ಡಿ ಮಾರುವವನು ನಮ್ಮ ಹಾಸಿಗೆಯ ಪಕ್ಕದಲ್ಲೇ ನಿಂತು ಕೂಗಿದ ಹಾಗಿರುತ್ತದೆ. ನನಗೆ ಅದು ಬೇಕು. ನಿಶ್ಶಬ್ದವಾಗಿದ್ದರೆ ಊರಲ್ಲಿ ಯಾರೋ ಹೋಗಿರಬೇಕು ಅನ್ನಿಸುತ್ತದೆ.

ಲಿಫ್ಟಿನ ಸುದ್ದಿ ಮಾತ್ರ ಕೇಳಬೇಡ. ಒಂದು ದಿನ ನಡೆದರೆ ಎರಡು ದಿನ ಮಲಗುತ್ತದೆ. ನಿನ್ನ ಅಣ್ಣ ನಮಾಜಿಗೆಂದು ಇಳಿಯುತ್ತಾನೆ, ಹತ್ತುತ್ತಾನೆ, ಮತ್ತೆ ಇಳಿಯುತ್ತಾನೆ. ಒಂದೊಂದು ಮಹಡಿಗೂ ನಿಂತು ಗೋಡೆ ಹಿಡಿಯುತ್ತಾನೆ. ನಮ್ಮ ಬಾಗಿಲ ಮುಂದೆ ನಿಂತಾಗ ನಾನು ನೀರು ಕೊಟ್ಟರೆ, “ಇನ್ನೂ ಮೂರ ಮಹಡಿ ಐತಿ ವೈನಿ, ನೀರ ಕುಡದ್ರ ತೂಕ ಹೆಚ್ಚಾಗ್ತೈತಿ” ಎಂದು ನಗಿಸುತ್ತಾನೆ. ಅವನು ನಗಿಸುತ್ತಾನೆಂದು ನನಗೆ ನೋವು ಕಾಣುವುದಿಲ್ಲ ಎಂದುಕೊಂಡಿದ್ದೀಯಾ?

ಈಗ ನಮ್ಮವರ ವಿಷಯ. ಮರೆವು ಹೆಚ್ಚಾಗಿದೆ. ಗದಗಿನ ಡಾಕ್ಟರು ಇದು ಹಿಂದೆ ಸರಿಯುವ ರೋಗವಲ್ಲ, ಮಾತ್ರೆಯಿಂದ ಒಂದಿಷ್ಟು ನಿಧಾನವಾಗಬಹುದು ಎಂದರು. ಬೆಳಿಗ್ಗೆ ಚೆನ್ನಾಗಿರುತ್ತಾರೆ. “ಏ ಇಕಿನ, ಚಾ ತಾ” ಎಂದು ಮೊದಲಿನ ಗತ್ತಿನಲ್ಲೇ ಕೂಗುತ್ತಾರೆ. ಅಂಗಡಿಗೆ ಇಳಿದು ಒಂದು ಗಳಿಗೆ ಕೂಡುತ್ತಾರೆ, ಕೊಡ, ಬೋಗುಣಿಗಳನ್ನು ಬೆರಳಿಂದ ಬಡಿದು ದಪ್ಪ ಯಾವುದು ತೆಳು ಯಾವುದು ಎಂದು ಹೇಳುತ್ತಾರೆ. ಅದು ಇನ್ನೂ ತಪ್ಪಿಲ್ಲ. ಹೊತ್ತು ಇಳಿಯುತ್ತ ಬಂದ ಹಾಗೆ ಅವರೂ ಇಳಿಯುತ್ತಾರೆ. ಬಾಲ್ಕನಿಗೂ ಬಾಗಿಲಿಗೂ ತಿರುಗಾಡುತ್ತಾರೆ. “ಇದು ನಮ್ಮನಿ ಅಲ್ಲ, ಯಾರೋ ಏನೋ, ಇಲ್ಲಿ ಎಷ್ಟೊತ್ತು ಕೂಡೂದು” ಎಂದು ಚಪ್ಪಲಿ ಮೆಟ್ಟುತ್ತಾರೆ.

ಮೊದಲ ಸಲ ಹೋದಾಗ ನಾವೆಲ್ಲ ಪೇಟೆಯಲ್ಲಿ ಹುಡುಕಿದೆವು. ದ್ಯಾಮೇಶ ರೋಣದ ರಸ್ತೆಯ ತನಕ ಬೈಕಿನಲ್ಲಿ ಹೋಗಿ ಬಂದ. ನಾನು ಮೆಟ್ಟಿಲ ಬುಡದಲ್ಲಿ ನಿಂತು ದಾರಿ ನೋಡುತ್ತಿದ್ದೆ. ಆಗ ಮೇಲಿಂದ ನಿನ್ನ ಅಣ್ಣ ಮೆಟ್ಟಿಲ ಸಂದಿನಲ್ಲಿ ಬಗ್ಗಿ ಕೂಗಿದ. “ವೈನಿ, ಅಣ್ಣಾ ಇಲ್ಲೇ ಅದಾರ, ಕಾಳಜಿ ಮಾಡಬ್ಯಾಡ್ರಿ! ಚಾ ಕುಡ್ಯಾಕತ್ತಾರ.”

ಇವರು ಪೇಟೆಗೆ ಇಳಿದೇ ಇರಲಿಲ್ಲ. ಮೆಟ್ಟಿಲು ಹತ್ತುತ್ತ ಹೋಗಿದ್ದಾರೆ, ಮೆಟ್ಟಿಲು ಮುಗಿದಲ್ಲಿ ನಿಂತಿದ್ದಾರೆ. ಮ್ಯಾಗಿನಮನಿಯೆಂದರೆ ಎಲ್ಲಕ್ಕಿಂತ ಮೇಲಿರಬೇಕಲ್ಲ! ಆ ಪೋಸ್ಟಮನ್ನನ ಲೆಕ್ಕವೇ ಇವರದೂ. ಬಾಗಿಲು ತೆರೆದ ಮದರಸಾಬನಿಗೆ, “ಬಾರೋ ಮದರಸಾಬ, ಯಾವಾಗ ಬಂದಿ? ಹಂಗ ನಿಂತಿ ಯಾಕ, ಕೂಡ ಬಾ” ಎಂದು ಅವನ ಮನೆಯಲ್ಲೇ ಅವನನ್ನು ಕೂರಿಸಿದ್ದಾರೆ. ಅವನು ಕೂತನಂತೆ! ಬೇರೆ ಯಾರಾದರೂ ಆಗಿದ್ದರೆ ನಿಮ್ಮ ಮನೆ ಕೆಳಗಿದೆ ಎಂದು ತೋಳು ಹಿಡಿದು ಇಳಿಸುತ್ತಿದ್ದರು. ನಿನ್ನ ಅಣ್ಣ, “ಈಗ ಬಂದ್ನಿ ಅಣ್ಣಾ, ಮಳಿ ಹ್ಯಾಂಗ ಈ ಸಲ?” ಎಂದು ಮಾತಿಗೆ ಕೂತ. ಹಸನಬಿ ಚಹಾ ತಂದರೆ, “ನೀ ಯಾಕ ತ್ರಾಸ ತಗೊಂಡಿಯವಾ” ಎಂದು ಇವರು ಮನೆಯ ಯಜಮಾನನ ಹಾಗೆ ಸಂಕೋಚಪಟ್ಟರಂತೆ. ಆ ಗಂಡಹೆಂಡತಿಯ ಋಣವನ್ನು ನಾನು ಹೇಗೆ ತೀರಿಸಲಿ?

ಅಂದಿನಿಂದ ದಿನಾ ಸಂಜೆ ಅಲ್ಲೇ. ಅಲ್ಲಿ ಇವರಿಗೆ ಗಾಬರಿಯಿಲ್ಲ, ಸಿಟ್ಟಿಲ್ಲ. ಕಿಟಕಿಯಲ್ಲಿ ಗುಡ್ಡ ಕಾಣುತ್ತದೆ, ಅದರ ಮೇಲಿನ ಕರೆಂಟು ಮಾಡುವ ಗಾಳಿಯ ಫ್ಯಾನು ತಿರುಗುವುದು ಕಾಣುತ್ತದೆ. ಹಳೆಯ ಮನೆಯ ಪಡಸಾಲೆಯಿಂದಲೂ ಗುಡ್ಡ ಕಾಣುತ್ತಿತ್ತಲ್ಲ, ಅದೇ ಸಾಕು ಅವರಿಗೆ. ಕತ್ತಲಾಗುವ ಹೊತ್ತಿಗೆ ನಾನು ಹೋಗಿ ಕರೆದುಕೊಂಡು ಬರುತ್ತೇನೆ. ನಿರ್ಮಲಾ ಟೀಚರು, “ನಮ್ಮ ಮಾವ ಹಿಂಗ ಆದಾಗ ಎಳದ್ರೂ ಬರ್ತಿರಲಿಲ್ರಿ, ನೀವು ಅದೇನ್ ಮಾಡಿ ಇವ್ರನ್ನ ಇಷ್ಟ ಸಮಾಧಾನದಿಂದ ಇಳಸ್ತೀರಿ?” ಎಂದು ಕೇಳಿದರು. ನಕ್ಕು ಮಾತು ಬದಲಿಸಿದೆ.

ಇದನ್ನೆಲ್ಲ ನೋಡಿಯೇ ನಿನ್ನ ಅಣ್ಣ ಆ ಮಾತು ತೆಗೆದದ್ದು. ಮದರಸಾಬ, ಅವನ ಮಗ ಅಯಾಜ, ನಮ್ಮ ದ್ಯಾಮೇಶ ಮೂವರೂ ನಮ್ಮ ಪಡಸಾಲೆಯಲ್ಲಿ ಕೂತರು.

“ವೈನಿ, ಸುಮ್ನ ಮನಿ ಅದಲುಬದಲು ಮಾಡೂಣು. ಅಣ್ಣಾಗ ಮ್ಯಾಲ ಆರಾಮ ಅನಸ್ತೈತಿ, ನನ್ನ ಮೊಣಕಾಲಿಗೆ ಕೆಳಗ ಆರಾಮ. ಎರಡೂ ಮನಿ ಒಂದಽ ಅಳತಿ. ರಂಜಾನ್ ಬರೂದ್ರೊಳಗ ಆದ್ರ ನನಗೂ ಉಪಾಸದಾಗ ಹತ್ತಿ ಇಳಿಯೂದು ತಪ್ಪತೈತಿ” ಎಂದ.

ಅಯಾಜ ನಕ್ಕು, “ಹೆಸರಿಗೂ ಬರೋಬ್ಬರಿ ಆಗ್ತೈತ್ರಿ ಕಾಕೂ. ಪೋಸ್ಟಮನ್ ಬೈಯೂದಿಲ್ಲ” ಎಂದ.

ನಾನು, “ನೋಡೂಣು” ಎಂದೆ. ನೋಡೂಣು ಎಂದರೆ ಆಗುವುದಿಲ್ಲ ಎಂದೇ ಅರ್ಥವೆಂದು ದ್ಯಾಮೇಶನಿಗೆ ಗೊತ್ತು. ಅವರು ಹೋದ ಮೇಲೆ ನನ್ನನ್ನು ಹಿಡಿದ.

“ಯಾಕ ಒಲ್ಲಿ ಯವ್ವಾ?”

“ಮ್ಯಾಲ ಮಂಗ್ಯಾನ ಕಾಟ ಭಾಳ.”

“ಜಾಳಗಿ ಹಾಕಸ್ತೀನಿ.”

“ಗಾಳಿ ಬಡದ್ರ ನನಗ ತಲಿ ಸಿಡೀತೈತಿ.”

“ಹಳೇ ಮನ್ಯಾಗ ಮಾಳಿಗಿ ಮ್ಯಾಲ ಮಲಗಾಕಿ ನೀನಽ ಅಲ್ಲ?”

“ನಿನಗ ಚಾ ಹ್ಯಾಂಗ ಇಳಸ್ಲಿ? ಅಷ್ಟುದ್ದ ಹಗ್ಗ ಎಲ್ಲಿ ತರ್ಲಿ?”

ಅದಕ್ಕೆ ಅವನು ನನ್ನ ಮುಖವನ್ನೇ ನೋಡಿದ. “ಅಪ್ಪಗ ಅಲ್ಲಿ ಸಮಾಧಾನ ಐತಿ ಅಂತ ನಿನಗ ಗೊತ್ತೈತಿ. ಕಾಕಾಗ ಹತ್ತಾಕ ಆಗವಲ್ದು ಅಂತನೂ ಗೊತ್ತೈತಿ. ಹಗ್ಗದ ಮಾತ ಆಡ್ತಿಯಲ್ಲ ಯವ್ವಾ” ಎಂದು ಎದ್ದು ಹೋದ. ಎರಡು ದಿನ ಬುಟ್ಟಿಯಲ್ಲಿ ಇಳಿಸಿದ ಚಹಾ ಹಾಗೇ ತಣ್ಣಗಾಗಿ ಮೇಲೆ ಬಂತು. ಅವನ ಸಿಟ್ಟು ಸರಿಯೇ ಇದೆ. ನಿನ್ನ ಸಿಟ್ಟೂ ಸರಿಯೇ.

ನಿನ್ನ ಕಾಗದದಲ್ಲಿ ಇನ್ನೊಂದು ಮಾತಿತ್ತು, ಅದು ಚುಚ್ಚಿತು. “ಕೆಳಗಿನಮನಿಯವರು ಇದ್ದು ಬಿಟ್ಟ ಮನೆಗೆ ಹೋಗುವುದೇ ಎಂಬ ಬಿಂಕವೇ” ಎಂದಿದ್ದೀ. ನೀನು ಸಿಟ್ಟಿನಲ್ಲಿ ಬರೆದದ್ದೆಂದು ಗೊತ್ತು. ಆದರೂ ನನಗೇ ಆ ಮಾತೇ? ನಾನು ಸೊಸೆಯಾಗಿ ಬಂದ ವರ್ಷ ಗೋಡೆಯ ಆ ಕಡೆಯಿಂದ ನೀನು ಮೊದಲು ಚಾಚಿದ್ದು ಈದಿನ ಸುರಕುಂಬಾ ಪಾಯಸದ ಬಟ್ಟಲು. ನಾನು ಕೈ ತೊಳೆದು ಬರುವಷ್ಟೂ ತಡೆಯದೆ ಅಲ್ಲೇ ನಿಂತು ಕುಡಿದವಳು. ಮರುವರ್ಷ ನೀನು ಲಗ್ನವಾಗಿ ನರಗುಂದಕ್ಕೆ ಹೊರಟಾಗ ನಿನ್ನ ಅವ್ವನಿಗಿಂತ ಜೋರಾಗಿ ಅತ್ತವಳು ಯಾರು? ನಮ್ಮವರು ನಿನ್ನ ಗಾಡಿಯ ಜೊತೆ ಊರ ಹೊರಗಿನ ತನಕ ನಡೆದುಕೊಂಡೇ ಬಂದಿದ್ದರು, ನೆನಪಿದೆಯೇ? ಅವರಿಗೆ ಅದೊಂದು ಚಟ. ಮನೆಗೆ ಬಂದವರನ್ನು ಬಾಗಿಲಲ್ಲಿ ನಿಂತು ಹೋಗಿ ಬರ್ರಿ ಎಂದು ಎಂದೂ ಅಂದವರಲ್ಲ. ಬಸ್ಸಿನವರೆಗೆ, ಇಲ್ಲವೇ ಅವರ ಮನೆಯ ಹೊಸ್ತಿಲವರೆಗೆ ಕಳಿಸಿಯೇ ಬರಬೇಕು. ಕಳಿಸಿ ಬರಲು ಹೋದವರು ಅಲ್ಲಿ ಮಾತಿಗೆ ಕೂತು, ಊಟ ಮಾಡಿಕೊಂಡು ಬಂದದ್ದೂ ಉಂಟು. ನಾನು ಇಲ್ಲಿ ಅನ್ನ ಕಾಯಿಸುತ್ತ ಕೂತು ಎಷ್ಟು ಬೈದಿದ್ದೇನೋ.

ಇರಲಿ. ನಿನಗೆ ಇಷ್ಟೇ ಹೇಳುತ್ತೇನೆ, ಬಿಂಕವಲ್ಲ. ಒಲ್ಲೆ ಎಂದು ಪೂರ್ತಿ ಅಂದಿಲ್ಲ, ಹೂಂ ಎನ್ನಲೂ ನಾಲಿಗೆ ಏಳುತ್ತಿಲ್ಲ. ರಂಜಾನಿಗೆ ಇನ್ನೂ ದಿನಗಳಿವೆ. ಅಷ್ಟರೊಳಗೆ ಏನಾದರೊಂದು ಹೇಳುತ್ತೇನೆ. ಅಲ್ಲಿಯವರೆಗೆ ನಿನ್ನ ಅಣ್ಣ ಹತ್ತುವಾಗ ನಮ್ಮ ಮನೆಯಲ್ಲೇ ಕೂತು ದಣಿವಾರಿಸಿಕೊಂಡು ಹೋಗಲೆಂದು ಬಾಗಿಲಿಗೆ ಒಂದು ಖುರ್ಚಿ ಹಾಕಿಸಿದ್ದೇನೆ. ಅದು ಪರಿಹಾರವಲ್ಲವೆಂದು ನನಗೂ ಗೊತ್ತು.

ನಾಳೆ ದ್ಯಾಮೇಶ ಅಂಗಡಿಯ ಕೆಲಸಕ್ಕೆ ನರಗುಂದಕ್ಕೆ ಬರುತ್ತಾನೆ. ಪೋಸ್ಟಮನ್ನನ ಉಸಾಬರಿಯೇ ಬೇಡವೆಂದು ಇದನ್ನು ಅವನ ಕೈಯಲ್ಲೇ ಕಳಿಸುತ್ತೇನೆ. ಜೊತೆಗೆ ಸಂಕ್ರಾಂತಿಯ ಕುಸುರೆಳ್ಳು, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇವೆ. ರೊಟ್ಟಿ ನಿನ್ನ ಹಲ್ಲಿಗೆ ಆಗದಿದ್ದರೆ ಹಾಲಿನಲ್ಲಿ ನೆನೆಸಿಕೋ. ಆಸಿಫಾಳ ಪರೀಕ್ಷೆ ಚೆನ್ನಾಗಿ ಆಗಲಿ, ಆ ಕಾಲಕಾಲೇಶ್ವರನಿಗೆ ಅವಳ ಹೆಸರಿನಲ್ಲೂ ಒಂದು ಕಾಯಿ ಒಡೆಸುತ್ತೇನೆ. ನಿನ್ನ ಮನೆ ತುಂಬಿರಲಿ, ನಿನ್ನ ಒಲೆ ಆರದಿರಲಿ. ನನ್ನ ಮೇಲಿನ ಸಿಟ್ಟನ್ನು ಹೋಳಿಗೆ ಮುಗಿಯುವುದರೊಳಗೆ ಮುಗಿಸು.

ನಿನ್ನ,
ಕಳಕಿ

ಮರೆತಿದ್ದೆ: ಮರೆತಿರಲಿಲ್ಲ, ಸುಳ್ಳು. ಲಕೋಟೆಗೆ ಗೋಂದು ಹಚ್ಚಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಈ ಹಾಳೆಯನ್ನು ನೀನೊಬ್ಬಳೇ ಓದು, ಆಸಿಫಾಳಿಂದ ಓದಿಸಬೇಡ.

ಅವರನ್ನು ಹೇಗೆ ಕೆಳಗಿಳಿಸುತ್ತೇನೆಂದು ನಿರ್ಮಲಾ ಟೀಚರು ಕೇಳಿದರಲ್ಲ, ಅದನ್ನು ಹೇಳುತ್ತೇನೆ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಕರೆಯಲು ಹೋದೆ. ಮದರಸಾಬ ನಮಾಜಿಗೆ ಇಳಿದಿದ್ದ, ಹಸನಬಿ ಒಬ್ಬಳೇ ಇದ್ದಳು. ಇವರು ನನ್ನನ್ನು ನೋಡಿ ಎದ್ದು ನಿಂತರು. ಹೆಗಲ ಮೇಲಿನ ಟಾವೆಲು ಸರಿ ಮಾಡಿಕೊಂಡು, “ಬರ್ರಿ ಅಕ್ಕಾರ, ಕೂಡ್ರಿ” ಎಂದರು. ಆಮೇಲೆ ಒಳಗೆ ತಿರುಗಿ, “ಹಸನಬಿ, ಕೆಳಗಿನ ಮನಿಯವ್ರು ಬಂದಾರ ನೋಡವಾ, ಚಾ ಇಡ” ಎಂದರು.

ಗಂಡನಿಂದ ಅಕ್ಕಾರ ಅನ್ನಿಸಿಕೊಂಡವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಮುಖ ನೋಡಿದೆ. ತಮಾಷೆಯಲ್ಲ. ನಿನ್ನ ಅಣ್ಣನ ಗುರುತು ಉಳಿದಿದೆ, ಹಸನಬಿಯ ಗುರುತು ಉಳಿದಿದೆ, ನನ್ನದು ಹೋಗಿದೆ. ಬೆಳಿಗ್ಗೆ ಬರುತ್ತದೆ, ಸಂಜೆ ಹೋಗುತ್ತದೆ. ನಾನು ಕೂತೆ. ಚಹಾ ಕುಡಿದೆ. ಅವರು, “ನಮ್ಮಾಕಿ ಸಂತಿಗೆ ಹೋಗ್ಯಾಳ್ರಿ. ಆಕಿ ಇದ್ದಿದ್ರ ನಿಮ್ಮನ್ನ ಉಣ್ಣಸದ ಕಳಸ್ತಿರಲಿಲ್ಲ. ಆಕಿ ಕೈ ಭಾಳ ದೊಡ್ಡದು” ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಎದುರಿಗೆ ಎಂದೂ ಅಂದಿರದ ಮಾತು ಜಬೀನ. ಕೇಳಿ ಖುಷಿಪಡಲೋ ಅಳಲೋ ತಿಳಿಯಲಿಲ್ಲ. ಹಸನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಯಾರಿಗೂ ಹೇಳಬೇಡವೆಂದು ಅವಳ ಕೈ ಹಿಡಿದಿದ್ದೇನೆ, ದ್ಯಾಮೇಶನಿಗೂ ಗೊತ್ತಿಲ್ಲ.

ಚಹಾ ಕುಡಿದು ನಾನು ಎದ್ದರೆ ಅವರೂ ಏಳುತ್ತಾರೆ. “ಕತ್ತಲಾಗೈತಿ, ಮನಿತನಾ ಕಳಿಸಿ ಬರ್ತೀನಿ ನಡೀರಿ” ಎನ್ನುತ್ತಾರೆ. ಅಷ್ಟೇ ನನ್ನ ಉಪಾಯ. ಪರವೂರ ಹೆಂಗಸಿನ ಜೊತೆ ನಡೆಯುವ ಹಾಗೆ ಎರಡು ಮೆಟ್ಟಿಲು ಹಿಂದೆ ಬರುತ್ತಾರೆ, ಮೆಲ್ಲಗ ಇಳೀರಿ ಎನ್ನುತ್ತಾರೆ. ನಮ್ಮ ಬಾಗಿಲಲ್ಲಿ ನಾನು, “ಇಲ್ಲಿತನಾ ಬಂದೀರಿ, ಊಟ ಮಾಡಿಕೊಂಡ ಹೋಗ್ರಿ” ಎನ್ನುತ್ತೇನೆ. ಸಂಕೋಚದಿಂದ ಒಳಗೆ ಬಂದು ಉಣ್ಣುತ್ತಾರೆ. ಕೂತಲ್ಲೇ ಜೊಂಪು ಹತ್ತುತ್ತದೆ, ಮಲಗಿಸುತ್ತೇನೆ. ಹೀಗೆ ದಿನಾ ಸಂಜೆ ನನ್ನ ಗಂಡ ನನ್ನನ್ನು ನನ್ನ ಮನೆಗೆ ಬಿಡಲು ಬರುತ್ತಾರೆ, ಬಂದವರು ಉಳಿಯುತ್ತಾರೆ.

ಅದಲುಬದಲಾಗಿ ಮೇಲೆ ಹೋದೆವು ಅನ್ನು. ಅವರಿಗೆ ಅವರ ಮನೆ ಸಿಗುತ್ತದೆ, ನಿನ್ನ ಅಣ್ಣನ ಮೊಣಕಾಲು ಉಳಿಯುತ್ತದೆ, ಹೆಸರೂ ಬರೋಬ್ಬರಿ ಆಗುತ್ತದೆ. ಆದರೆ ಸಂಜೆಗೆ ಅವರು ಎದ್ದು, ಕತ್ತಲಾಗೈತಿ ನಡೀರಿ ಅಕ್ಕಾರ ಎಂದು ನನ್ನನ್ನು ಕೆಳಗೆ, ಆಗ ನಿಮ್ಮವರದಾಗಿರುವ ಬಾಗಿಲಿಗೆ ತಂದು ಬಿಡುತ್ತಾರೆ. ಬಿಟ್ಟು, ತಮ್ಮ ಹೆಂಡತಿ ಸಂತೆಯಿಂದ ಬರುವ ಹೊತ್ತಾಯಿತೆಂದು ಒಬ್ಬರೇ ಮೇಲೆ ಹತ್ತಿ ಹೋಗುತ್ತಾರೆ.